ಮಂಗಳವಾರದ ನಡುಕ

ದೇವಕ್ಕ ಹೆದರುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ಆಕೆಯನ್ನು ಪುಕ್ಕಲಿ ಅಂದುಕೊಂಡುಬಿಡುತ್ತೀರಿ. ಯಾದಗಿರಿ ಕಡೆಯಿಂದ ಗಂಡ ಸಾಯಬಣ್ಣನ ಜೊತೆ ಮುಂಬಯಿಗೆ ಬಂದಾಗ ಆಕೆ ತಲೆಯ ಮೇಲೆ ಮರಳು ಹೊರುತ್ತಿದ್ದಳು. ಮಿಸ್ತ್ರಿಗಳ ಕೈಕೆಳಗೆ ಬೈಸಿಕೊಂಡು, ಕದ್ದು ನೋಡಿ, ಕಲಿತು, ಈಗ ತಾನೇ ಲಾದಿ ಮಿಸ್ತ್ರಿಯಾಗಿದ್ದಾಳೆ. ಲಾದಿ ಅಂದರೆ ನೆಲಕ್ಕೂ ಗೋಡೆಗೂ ಕೂರಿಸುವ ಟೈಲ್ಸು. ವಿಲೆ ಪಾರ್ಲೆಯ ಹಳೇ ಬಿಲ್ಡಿಂಗ್‌ಗಳಲ್ಲಿ ಬಾತ್‌ರೂಮು, ಸಂಡಾಸು ಒಡೆದು ಹೊಸದು ಮಾಡುವ ಕೆಲಸ ಆಕೆಗೆ ತಪ್ಪದೆ ಸಿಗುತ್ತಿತ್ತು. ಹೆಂಗಸು ಏನು ಲಾದಿ ಹಾಕುತ್ತಾಳೆ ಅಂದ ಗಂಡಸರ ಬಾಯಿಯನ್ನು ಕೆಲಸದಿಂದ ಮುಚ್ಚಿಸಿದ್ದಳು; ಅದಕ್ಕೂ ಮುಚ್ಚದ ಬಾಯಿಗಳನ್ನು ಬೈದು ಮುಚ್ಚಿಸಿದ್ದಳು.

ಅಂಥವಳಿಗೆ ಒಂದು ಬೆಳಿಗ್ಗೆ, ಜೋಗೇಶ್ವರಿಯಲ್ಲಿ ಲೋಕಲ್ ಹತ್ತಿ ಅಂಧೇರಿ ಮುಟ್ಟುವಷ್ಟರಲ್ಲಿ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತವು, ಕಾಲು ನಡುಗಿದವು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಇನ್ನೇನು ಸತ್ತೆ ಅನ್ನಿಸಿತು. ಸುತ್ತ ನೋಡಿದರೆ ಏನೂ ಆಗಿಲ್ಲ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಬಟಾಣಿ ಸುಲಿಯುತ್ತಿದ್ದಾಳೆ, ಇನ್ನೊಬ್ಬಳು ಕೂದಲ ಕ್ಲಿಪ್ಪು ಮಾರುತ್ತಿದ್ದಾಳೆ. ದೇವಕ್ಕ ಅಂಧೇರಿಯಲ್ಲೇ ಇಳಿದು ಬೆಂಚಿನ ಮೇಲೆ ಕುಸಿದಳು. ಸ್ವಲ್ಪ ಹೊತ್ತಿಗೆ ಎಲ್ಲ ಬಂದ ಹಾಗೇ ಹೋಯಿತು. ಕೂತಲ್ಲೇ ಕಾರಣ ಹುಡುಕಿದಳು. ಗಂಡ ಕುಡಿಯುವವನಲ್ಲ. ಮಗ ಪುಣೆಯ ಗ್ಯಾರೇಜಿನಲ್ಲಿ ನೆಟ್ಟಗಿದ್ದಾನೆ. ಜಗಳಗಳೇನೋ ಇವೆ, ಆದರೆ ಎಲ್ಲವೂ ಆಕೆಯೇ ಗೆದ್ದ ಜಗಳಗಳು. ಕಾರಣವೇ ಇಲ್ಲದೆ ಅಂಜಿದೆನಲ್ಲ ಎಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸಿಟ್ಟಿಗೆ ಅದು ಬಗ್ಗಲಿಲ್ಲ. ಮತ್ತೆ ಬಂತು, ಮತ್ತೆ ಮತ್ತೆ ಬಂತು. ಲೋಕಲ್‌ನಲ್ಲಿ ಬರುತ್ತದೆಂದು ದೇವಕ್ಕ ಲೋಕಲ್ ಬಿಟ್ಟು ಬಸ್ಸು ಹಿಡಿದಳು. ಬಸ್ಸಿನಲ್ಲೂ ಬಂತು. ಬಾಜಾರದಲ್ಲಿ ಬಂತು, ಬಾಜಾರವನ್ನೂ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನಂತ? ಅವರದು ಜೋಗೇಶ್ವರಿಯ ಗುಡ್ಡದ ಮೇಲಿನ ಚಾಳು, ಒತ್ತೊತ್ತಾದ ಸಾಲುಮನೆಗಳು. ಅಲ್ಲಿ ಜ್ವರಕ್ಕೆ ಮರ್ಯಾದೆ ಇದೆ, ಮುರಿದ ಕೈಗೆ ಮರ್ಯಾದೆ ಇದೆ, ಸುಮ್ಮಸುಮ್ಮನೆ ಅಂಜುವವರಿಗೆ ಮಾತ್ರ ಜನ ನಗುತ್ತಾರೆ.

ಹಾಗಿರುವಾಗ ಒಂದು ಮಂಗಳವಾರದ ಸಂಜೆ ಎಡವಟ್ಟಾಯಿತು. ಚಾಳಿನ ನಲ್ಲಿಯ ಪಕ್ಕ ಊರ ಕಡೆಯವರು ಕಟ್ಟಿಕೊಂಡ ಎಲ್ಲಮ್ಮನ ಪುಟ್ಟ ಗುಡಿ ಇದೆ. ಅದನ್ನು ನೋಡಿಕೊಳ್ಳುವವಳು ಮುದುಕಿ ನಾಗವ್ವ. ಆರತಿ ನಡೆದಿತ್ತು, ಹಲಗೆವಾದ್ಯ ಬಡಿಯುತ್ತಿದ್ದರು, ಜನ ಮೈಗೆ ಮೈ ತಾಗಿಸಿ ನಿಂತಿದ್ದರು. ದೇವಕ್ಕನಿಗೆ ಅದು ಬಂತು. ಹೊರಗೆ ಹೋಗೋಣವೆಂದರೆ ದಾರಿಯಿಲ್ಲ. ಕಣ್ಣು ಮೇಲಾಯಿತು, ಇಡೀ ಮೈ ಗಡಗಡ ನಡುಗಿತು.

"ಉಧೋ ಉಧೋ!" ನಾಗವ್ವ ಕೂಗಿದಳು. "ದೇವಕ್ಕನ ಮೈಮ್ಯಾಲ ಅವ್ವ ಬಂದಾಳ! ಅವ್ವ ಬಂದಾಳ್ರೇ!"

ಅರಿಸಿನದ ಭಂಡಾರವನ್ನು ಹಣೆತುಂಬ ಬಳಿದಳು. ಹೆಂಗಸರು ಕಾಲಿಗೆ ಬಿದ್ದರು. ಯಾರೋ ಕೈಗೆ ನಿಂಬೆಹಣ್ಣು ಕೊಟ್ಟರು. ಮದುವೆಯಾದಾಗಿನಿಂದ ಹೆಂಡತಿಗೆ ಒಂದು ಲೋಟ ನೀರು ತಂದುಕೊಡದ ಸಾಯಬಣ್ಣ ಎರಡೂ ಕೈ ಮುಗಿದು ನಿಂತುಬಿಟ್ಟ. ಆಗಲೇ ದೇವಕ್ಕ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಗೊತ್ತೇ? ಅಂಜಿದವಳನ್ನು ಎಲ್ಲರೂ ಯಾಕೆ ಏನು ಅಂತ ಕೆದಕುತ್ತಾರೆ, ದೇವರನ್ನು ಯಾರೂ ಕೆದಕುವುದಿಲ್ಲ. ನಾಚಿಕೆ ತಪ್ಪಿತಲ್ಲ, ಅಷ್ಟೇ ಸಾಕೆಂದು ಸುಮ್ಮನಾದಳು.

ಆ ನೆಮ್ಮದಿಯ ಆಯಸ್ಸು ಸಣ್ಣದು. ನಾಗವ್ವ ಕಟ್ಟುಪಾಡುಗಳನ್ನು ಹೇಳತೊಡಗಿದಳು. ಅವ್ವ ಬರುವ ಮೈ ಮಡಿಯಲ್ಲಿರಬೇಕು, ಮಂಗಳವಾರ ಶುಕ್ರವಾರ ಹೊಸಿಲು ದಾಟಬಾರದು, ಕೇಳಲು ಬಂದವರಿಗೆ ಹೇಳಿಕೆ ಕೊಡಬೇಕು. "ಮತ್ತ ಆ ಸಂಡಾಸದ ಲಾದಿ ಮುಟ್ಟಬ್ಯಾಡ ನೋಡು. ದೇವರ ಕೈಲಿ ಯಾರರೇ ಸಂಡಾಸ ಕಟ್ಟಸ್ತಾರೇನ?"

ಸಂಡಾಸು ಬಿಟ್ಟರೆ ದೇವಕ್ಕನಿಗೆ ಉಳಿಯುವ ಕೆಲಸವಾದರೂ ಎಷ್ಟು! ಸಿಮೆಂಟು ಬಳಿಯುವ ಕರಣಿ, ಮಟ್ಟ ನೋಡುವ ಲೆವೆಲ್ಲು ಎಲ್ಲ ಮಂಚದ ಕೆಳಗೆ ಹೋದವು. ಮನೆಯಲ್ಲಿ ಕೂತಷ್ಟೂ ನಡುಕ ಹೆಚ್ಚಿತು. ಮಂಗಳವಾರ ನಡುಕ ಬರುತ್ತದೆಂದು ಸೋಮವಾರವೇ ನಡುಗತೊಡಗಿದಳು. ಸಾಯಬಣ್ಣನಿಗೆ ಮಾತ್ರ ಸುಗ್ಗಿ. ಚಾಳಿನವರು ಈಗ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ಅಂಥ ಒಂದು ಸೋಮವಾರ ಪಕ್ಕದ ಮನೆಯ ಸುಂದ್ರವ್ವನ ಮಗಳು ರಂಜನಾ ಬಂದಳು. ಪಾರ್ಲೆಯ ಕಾಲೇಜಿನಲ್ಲಿ ಬಿ.ಕಾಂ ಕೊನೆಯ ವರ್ಷದ ಹುಡುಗಿ. ದೇವಕ್ಕ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ನಡುಗುತ್ತಿದ್ದದ್ದನ್ನು ನೋಡಿ ಕಾಲಿಗೆ ಬೀಳಲಿಲ್ಲ, ಪಕ್ಕಕ್ಕೆ ಬಂದು ಕೂತಳು.

"ಕಾಕಿ, ಇದು ದೇವಿ ಅಲ್ಲ. ಮುಝೆ ಭೀ ಹೋತಾ ಹೈ. ಎಕ್ಸಾಮ್ ಇರಲ್ಲ, ಕುಛ್ ಇರಲ್ಲ, ಫಿರ್ ಭೀ ಆಗ್ತದ."

"ನಿನಗ? ನಿನಗೇನ್ ಆಗ್ಯಾದ ನಡುಗ್ಲಾಕ?"

"ನಿಮಗ ಏನ್ ಆಗ್ಯಾದ?"

ದೇವಕ್ಕನಿಗೆ ಅಷ್ಟು ನಡುಕದಲ್ಲೂ ನಗು ಬಂತು. ತಿಂಗಳುಗಳ ಮೇಲೆ ಬಂದ ನಗು ಅದು.

ರಂಜನಾ ಆಕೆಯನ್ನು ಮುನ್ಸಿಪಾಲಿಟಿಯ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಎದೆ ನೋಡಿದಳು, ರಕ್ತ ನೋಡಿದಳು, ಎಲ್ಲ ಸರಿಯಾಗಿದೆ ಅಂದಳು. ದೇವಕ್ಕ ಸಿಡಿದಳು. ಎಲ್ಲ ಸರಿಯಿದ್ದರೆ ನಾನೇನು ಸುಳ್ಳು ನಡುಗುತ್ತೀನಾ ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ಡಾಕ್ಟರಮ್ಮ ನಗಲಿಲ್ಲ. ಸುಳ್ಳಲ್ಲ, ನಡುಕ ನಿಜವೇ, ಅದಕ್ಕೆ ಕಾರಣ ಇರಲೇಬೇಕೆಂದಿಲ್ಲ ಅಂದಳು. ಒಮ್ಮೊಮ್ಮೆ ಇಲ್ಲದ ಕಳ್ಳನಿಗೆ ಮೈ ತಾನೇ ಬೊಬ್ಬೆ ಹಾಕುತ್ತದೆ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಅದು ಬಂದ ಜಾಗವನ್ನೆಲ್ಲ ಬಿಡುತ್ತಾ ಹೋದರೆ ಕೊನೆಗೆ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಬೇಕಾದರೆ ಗುಳಿಗೆಯೂ ಇದೆ, ಕೂತು ಮಾತಾಡುವವರೂ ಇದ್ದಾರೆ, ಕಡಿಮೆಯಾಗದಿದ್ದರೆ ಬಾ ಅಂದಳು.

ದೇವಕ್ಕನಿಗೆ ಆ ಎಲ್ಲ ಮಾತಿನಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿಸಿತು. "ಸಾಯಂಗಿಲ್ಲಂತ," ಅಂದಳು ಮೆಟ್ಟಿಲಿಳಿಯುತ್ತಾ. "ಹಂಗಾದ್ರ ಬರ್ಲಿ. ನಾನೂ ಒಂದ್ ಕೈ ನೋಡ್ತೀನಿ."

ಮರುದಿನ ಬೆಳಿಗ್ಗೆ ರಂಜನಾ ಜೊತೆ ಲೋಕಲ್ ಹತ್ತಿದಳು. ಮಂಗಳವಾರ, ಹೊಸಿಲು ದಾಟಬಾರದ ದಿನ! ಅಂಧೇರಿ ಬರುವ ಮೊದಲೇ ಎದೆ ಹಾರತೊಡಗಿತು. ಬಾಗಿಲ ಬಳಿಯ ಕಂಬ ಹಿಡಿದು, ಎರಡೂ ಪಾದ ಊರಿ ನಿಂತಳು. ಉಸಿರು ನಿಧಾನ ಬಿಡಿ ಕಾಕಿ, ತೊಗೊಳ್ಳೋದಕ್ಕಿಂತ ಬಿಡೋದು ಉದ್ದ ಇರಲಿ ಎಂದು ರಂಜನಾ ಹಿಂದಿಯಲ್ಲಿ ಹೇಳುತ್ತಲೇ ಇದ್ದಳು. ದೇವಕ್ಕ ಉಸಿರು ಬಿಟ್ಟಳು, ಬಿಡುತ್ತಾ ಬೈದಳು. "ಬಾ, ಎಷ್ಟ್ ನಡುಗಿಸ್ತಿ ನಡುಗಿಸು. ನಾ ಮಾತ್ರ ಅಂಧೇರ್ಯಾಗ ಇಳಿಯಂಗಿಲ್ಲ." ಬಟಾಣಿಯವಳು ತಿರುಗಿ ನೋಡಿದಳು, ನೋಡಲಿ ಬಿಡು ಅಂದುಕೊಂಡಳು ದೇವಕ್ಕ. ವಿಲೆ ಪಾರ್ಲೆಯಲ್ಲಿ ಇಳಿದಾಗ ರವಿಕೆ ಬೆವರಿನಿಂದ ತೊಯ್ದಿತ್ತು, ಆದರೆ ಇಳಿದದ್ದು ವಿಲೆ ಪಾರ್ಲೆಯಲ್ಲೇ. ಅವತ್ತೇ ಯಾರದೋ ಸಂಡಾಸಿನಲ್ಲಿ ಕೂತು ಲಾದಿ ಕೂರಿಸಿದಳು. ಕೈ ನಡುಗಿ ಒಂದು ಸೊಟ್ಟಗೆ ಕೂತಿತು. ಎಬ್ಬಿಸಿ ಮತ್ತೆ ಕೂರಿಸಿದಳು.

ನಡುಕ ಆಮೇಲೂ ಬಂತು. ಬಂದರೆ ಬಂತು, ಆಕೆ ಕೆಲಸ ನಿಲ್ಲಿಸಲಿಲ್ಲ. ಮಂಗಳವಾರದ ಆರತಿಗೆ ಮಾತ್ರ ಹೋಗಲಿಲ್ಲ. ಚಾಳಿನವರಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಸಾಯಬಣ್ಣನಿಗೆ ಹೇಳಿದಳು. ಅವನ ಮುಖ ಜೋತುಬಿತ್ತು. "ಈಗ ಅವ್ವ ಅಲ್ಲ ಅಂದ್ರ ಮಂದಿ ಏನಂತಾರ? ಮೈಯಾಗ ಆರಾಮಿಲ್ಲ ಅಂತ ನಾ ಹೇಳ್ತೀನಿ, ನೀ ಸುಮ್ನಿರು."

ಸುಮ್ಮನಿರಲು ಸುಂದ್ರವ್ವ ಬಿಡಲಿಲ್ಲ. ಅವಳ ತಮ್ಮ ದೇವಾನಂದ ಕಾಂದಿವಲಿಯಲ್ಲಿ ಕೂಲಿಯಾಳುಗಳ ಮುಕಾದಮ. ಕೆಟ್ಟವನಲ್ಲ, ಆದರೆ ಕಿವಿಯ ಪಕ್ಕ ಕೂದಲು ನರೆತಿತ್ತು. ಸೋದರಮಾವನಿಗೆ ಮಗಳನ್ನು ಕೊಡುವುದು ಅವರಲ್ಲಿ ರೂಢಿ. ಮಾತುಕತೆಯೆಲ್ಲ ಮುಗಿದು ಒಂದೇ ಒಂದು ಬಾಕಿ ಇತ್ತು, ಅದು ಅವ್ವನ ಅಪ್ಪಣೆ. ಬರುವ ಮಂಗಳವಾರ ದೇವಕ್ಕ ಬಂದು ಹೇಳಿಕೆ ಕೊಡಲೇಬೇಕೆಂದು ಸುಂದ್ರವ್ವ ಸೆರಗೊಡ್ಡಿ ಕೇಳಿಹೋದಳು. ಅವಳ ಬೆನ್ನಿಗೇ ರಂಜನಾ ಓಡಿಬಂದಳು.

"ಕಾಕಿ, ಒಂದೇ ಸಲ. ಅವ್ವ ಆಗಿ ಬ್ಯಾಡ ಅನ್ನಿ. ಬಸ್. ಮಮ್ಮಿ ನನ್ನ ಮಾತು ಕೇಳಲ್ಲ, ಅವ್ವಂದು ಕೇಳ್ತಾಳ."

ದೇವಕ್ಕ ಅಂಜಿದಳು. ಈ ಸಲ ಕಾರಣ ಕಣ್ಣೆದುರಿಗೇ ನಿಂತಿತ್ತು. ಒಂದು ಸುಳ್ಳು ನಡುಕ, ಒಂದು ಮಾತು, ಹುಡುಗಿ ಬಚಾವು. ತನಗೆ ಲೋಕಲ್ ಮರಳಿ ಕೊಡಿಸಿದ ಹುಡುಗಿ. ಆದರೆ ಮುಂದಿನ ಮಂಗಳವಾರ ಇನ್ಯಾರೋ ನಡುಗಿ ಹೂಂ ಅಂದರೆ? ಆಗ ಹುಡುಗಿ ಯಾರನ್ನು ಕೇಳಬೇಕು? ಇನ್ನೊಂದು ಸಲ ಅವ್ವನಾದರೆ ಸಾಯುವವರೆಗೂ ಅವ್ವನೇ, ಕರಣಿ ಮತ್ತೆ ಮಂಚದ ಕೆಳಗೆ. ಅದೂ ಮನಸ್ಸಿಗೆ ಬಾರದೆ ಇರಲಿಲ್ಲ.

"ನಾ ಅವ್ವ ಆಗಂಗಿಲ್ಲ," ಅಂದಳು. "ಆದ್ರ ನಿನ್ ಮಗ್ಗಲ್ದಾಗ ನಿಂದರ್ತೀನಿ. ನೀನೇ ಹೇಳು."

ರಂಜನಾ ತಿರುಗಿ ಹೊರಟುಹೋದಳು. ಆ ಹುಡುಗಿಗೆ ಮೋಸ ಮಾಡಿದೆನೇನೋ ಎಂದು ದೇವಕ್ಕ ಒಲೆಯ ಮುಂದೆ ಕೂತು ಗಳಗಳ ಅತ್ತಳು.

ಮಂಗಳವಾರ ಕೆಲಸ ಮುಗಿಸಿ, ಸಿಮೆಂಟಿನ ಕೈ ತೊಳೆದುಕೊಂಡು ಗುಡಿಯ ಮುಂದೆ ಬಂದಳು. ಇಸ್ತ್ರಿ ಅಂಗಿ ಹಾಕಿಕೊಂಡು ದೇವಾನಂದ ಬಂದಿದ್ದ. ಹಲಗೆ ಶುರುವಾಯಿತು, ಜನ ಒತ್ತಿಬಂದರು, ನಡುಕ ಕೇಳಬೇಕೇ, ತಪ್ಪದೆ ಬಂತು. ನಾಗವ್ವ ಭಂಡಾರದ ತಟ್ಟೆ ಹಿಡಿದು ಮುಂದೆ ಬಂದಳು.

"ಹಚ್ಚಬ್ಯಾಡ ನಾಗತ್ತಿ," ದೇವಕ್ಕನ ದನಿ ನಡುಗಿತು, ಆದರೆ ಹೊರಬಿತ್ತು. "ಇದು ಅವ್ವ ಅಲ್ಲ. ಅಂಜಿಕಿ. ನನ್ನ ಅಂಜಿಕಿ."

ಹಲಗೆ ನಿಂತಿತು. ಸಾಯಬಣ್ಣ ತೋಳು ಹಿಡಿದ. "ಏ, ಮನಿಗಿ ನಡಿ."

"ಬರಂಗಿಲ್ಲ. ಇದು ಬಂದಲ್ಲೆಲ್ಲಾ ಜಾಗ ಬಿಟ್ಟು ಓಡಿ ಸಾಕಾಗ್ಯಾದ ನನಗ. ಮೊದಲೇ ಹೇಳಬೇಕಿತ್ತು, ನಾಚಿಕಿಗಿ ಹೇಳಲಿಲ್ಲ. ಕಾರಣ ಇಲ್ದೇ ಅಂಜಿಕಿ ಬರ್ತದ, ನಡುಗ್ತೀನಿ. ಅಷ್ಟೇ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಯಾಂವ ಅವಾ ನಕ್ಕಾಂವ? ಮುಂದ ಬಾ!" ದೇವಕ್ಕ ಎರಡೂ ಕೈ ಚಾಚಿದಳು, ಬೆರಳುಗಳು ಎಲ್ಲರ ಕಣ್ಣಿಗೂ ಕಾಣುವಂತೆ ಅದುರುತ್ತಿದ್ದವು. "ನೋಡು, ಹ್ಯಾಂಗ ನಡುಗ್ಲಾಕತ್ಯಾವ. ಇದೇ ಕೈಲಿ ಇವತ್ತ ಸಂಡಾಸಕ ಲಾದಿ ಹಾಕಿ ಬಂದೀನಿ."

"ಸಂಡಾಸಕ!" ನಾಗವ್ವ ಕಿವಿ ಮುಚ್ಚಿಕೊಂಡಳು.

"ಹೂಂ, ಸಂಡಾಸಕ. ಛಲೋ ಕುಂತಾವ."

ಸುಂದ್ರವ್ವ ಅಳತೊಡಗಿದಳು. "ಹಂಗಾದ್ರ ನನ್ ಮಗಳ ಲಗ್ನಕ್ಕ ನಾ ಯಾರ ಅಪ್ಪಣಿ ಕೇಳ್ಲಿ?"

"ಮಗಳನ್ನ ಕೇಳು. ಅಲ್ಲೇ ನಿಂತಾಳ."

ಎಲ್ಲರೂ ನಲ್ಲಿಯ ಕಡೆ ತಿರುಗಿದರು. ರಂಜನಾಳ ಮುಖ ಬಿಳಿಚಿತ್ತು. ದೇವಕ್ಕ ಜನರನ್ನು ಸರಿಸಿಕೊಂಡು ಹೋಗಿ ಅವಳ ಪಕ್ಕ ನಿಂತಳು, ಏನೂ ಹೇಳಿಕೊಡಲಿಲ್ಲ. ಹುಡುಗಿ ಹೊದ್ದ ಓಢಣಿ ಸಮೇತ ನಡುಗುತ್ತಿದ್ದಳು.

"ಮಾಮಾ ಅಚ್ಛೇ ಹೈ," ಅಂದಳು. "ಆದ್ರ... ಈ ಲಗ್ನ ನನಗ ಬ್ಯಾಡ."

ನಾಗವ್ವನ ಕಣ್ಣು ಅರಳಿತು. "ಉಧೋ ಉಧೋ! ಅವ್ವ ದೇವಕ್ಕನ ಬಿಟ್ಟು ಹುಡುಗಿ ಮ್ಯಾಲ ಬಂದಾಳ್ರೋ! ನಡುಗ್ಲಾಕತ್ತಾಳ ನೋಡ್ರಿ! ಅವ್ವನೇ ಬ್ಯಾಡ ಅಂದಾಳ!" ಅನ್ನುತ್ತಾ ಮುನ್ನುಗ್ಗಿ ರಂಜನಾಳ ಹಣೆಗೆ ಭಂಡಾರ ಬಳಿದೇಬಿಟ್ಟಳು. ಜನರ ಕೈಗಳು ತಾವಾಗಿಯೇ ಮುಗಿದವು. ಸುಂದ್ರವ್ವನೂ ಕೈ ಮುಗಿದಳು.

ಕೆಲಸ ಆಗಿಹೋಗಿತ್ತು. ಹುಡುಗಿ ಬಾಯಿ ಮುಚ್ಚಿಕೊಂಡು ನಿಂತರೆ ಲಗ್ನ ಅಲ್ಲಿಗೇ ಮುರಿಯಿತು. ರಂಜನಾ ದೇವಕ್ಕನ ಮುಖ ನೋಡಿದಳು. ದೇವಕ್ಕ ತುಟಿ ಕಚ್ಚಿ ಹಿಡಿದಳು. ಇದು ಹುಡುಗಿಯೇ ನಿರ್ಧಾರ ಮಾಡಬೇಕಾದದ್ದು, ನಾಲಿಗೆ ಎಷ್ಟೇ ತುರಿಸಿದರೂ ತಾನು ಮಾತಾಡಬಾರದು ಎಂದು ಗಟ್ಟಿಯಾಗಿ ನಿಂತಳು.

ರಂಜನಾ ಓಢಣಿಯ ಅಂಚಿನಿಂದ ಹಣೆಯನ್ನು ಉಜ್ಜಿ ಉಜ್ಜಿ ಒರೆಸಿದಳು.

"ಅವ್ವ ಅಲ್ಲ. ನಾನು. ರಂಜನಾ. ನನಗ ಡರ್ ಆಗ್ತದ, ಅದಕ್ಕ ನಡುಗ್ತೀನಿ. ಬ್ಯಾಡ ಅಂತ ನಾನೇ ಹೇಳ್ತೀನಿ, ಮಮ್ಮಿ."

ಮುಗಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತವು. ಮೊದಲು ಮಾತಾಡಿದವನು ದೇವಾನಂದ. "ಸಾಕು ಬಿಡಕ್ಕಾ. ಇಷ್ಟು ಮಂದಿ ಮುಂದ ಒಲ್ಲೆ ಅಂದಾಕಿನ್ನ ಕಟ್ಟಿಕೊಳ್ಳಾಂವ ಅಲ್ಲ ನಾ," ಅಂದವನೇ ಗುಡ್ಡದ ಮೆಟ್ಟಿಲಿಳಿದು ಹೋದ.

ಸುಂದ್ರವ್ವ ಕಣ್ಣೊರೆಸಿಕೊಂಡು ದೇವಕ್ಕನ ಮೇಲೆ ಹರಿಹಾಯ್ದಳು. "ನಿನ್ನ ಅಂಜಿಕಿ ನನ್ ಮಗಳಿಗೂ ಹಚ್ಚಿದಿ! ಹೌದಿಲ್ಲೋ?"

ದೇವಕ್ಕನ ಕೈ ಇನ್ನೂ ನಡುಗುತ್ತಿತ್ತು. ಅದನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲಿಲ್ಲ.

"ನಾ ಏನೂ ಹಚ್ಚಿಲ್ಲ, ಸುಂದ್ರಿ. ಅಂಜಿಕಿ ಅಕಿದೇ. ಮಾತೂ ಅಕಿದೇ."