ಮೂವತ್ತೊಂದು ಸಾಲು

ಅಫಜಲಪುರ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಟೈಪಿಂಗ್ ಸಂಸ್ಥೆಯ ಮೆಟ್ಟಿಲು ಹತ್ತಿ ಸೈದಪ್ಪ ಬಂದಾಗ ಅವನ ಎಡಗಿವಿಯಿಂದ ಇನ್ನೂ ರಕ್ತ ಇಳಿಯುತ್ತಿತ್ತು. ಅದನ್ನು ಟವೆಲಿನಿಂದ ಒತ್ತಿ ಹಿಡಿದಿದ್ದ. ಟೈಪು ಕಲಿಯುತ್ತಿದ್ದ ಹುಡುಗಿಯರ ಕೈ ನಿಂತವು.

"ಒಂದು ಅರ್ಜಿ ಹೊಡೆದು ಕೊಡ್ರಿ ಮಾಸ್ತರ್ರ," ಎಂದ.

"ಮೊದಲ ದವಾಖಾನಿಗಿ ಹೋಗಪ್ಪ," ಎಂದ ಸಂಸ್ಥೆ ನಡೆಸುತ್ತಿದ್ದ ಗುರುರಾಜ.

"ಅರ್ಜಿ ಕೊಟ್ಟು ಹೋಗ್ತೇನ್ರಿ. ನಾಳಿ ಬಂದ್ರ ಯಾರೂ ಕೇಳಂಗಿಲ್ಲ."

ಅದು ೧೯೯೨ರ ಜೂನ್. ಬೆಳಿಗ್ಗೆ ಸೈದಪ್ಪ ಬನ್ನಿಹಾಳದ ತನ್ನ ಹೊಲದಲ್ಲಿ ತೊಗರಿ ಬಿತ್ತಲು ಕೂರಿಗೆ ಹೂಡಿದ್ದ. ಊರಿನ ಜಮೀನುದಾರ ದೌಲತರಾಯನ ಆಳು ಮಲ್ಕಪ್ಪ ನಾಲ್ವರನ್ನು ಕಟ್ಟಿಕೊಂಡು ಬಂದು, ಎತ್ತಿನ ಕೊರಳ ಹಗ್ಗ ಕೊಯ್ದು, ಕೊಡಲಿಯ ಕಾವಿನಿಂದ ಹೊಡೆದಿದ್ದ. ಹೊಲ ದೌಲತರಾಯನದು, ಪಹಣಿಯಲ್ಲಿ ಹಾಗೆಯೇ ಇದೆ ಎನ್ನುವುದು ಅವರ ಮಾತು. ಸೈದಪ್ಪನ ಹತ್ತಿರ ಪಹಣಿಯ ಎರಡು ನಕಲುಗಳಿದ್ದವು. ಅವನ ಅಪ್ಪ ೧೯೭೩ರಲ್ಲಿ ತೆಗೆಸಿದ್ದರಲ್ಲಿ ಸಾಗುವಳಿದಾರನೆಂದು ಅಪ್ಪನ ಹೆಸರಿತ್ತು. ಭೂ ನ್ಯಾಯಮಂಡಳಿಯ ಕೇಸಿಗಾಗಿ ಈಚೆಗೆ ತೆಗೆಸಿದ, ಅದೇ ವರ್ಷದ ಪಹಣಿಯ ಇನ್ನೊಂದು ನಕಲಿನಲ್ಲಿ ದೌಲತರಾಯನ ಹೆಸರಿತ್ತು.

"ಒಂದೇ ಪುಸ್ತಕ, ಎರಡು ಮಾತು," ಎಂದ ಗುರುರಾಜ. "ಊರಾಗ ಉಳಿದವ್ರದ್ದು ಹೆಂಗದ?"

"ಇಪ್ಪತ್ಮೂರು ಮನಿ ಅವ್ರಿ. ಎಲ್ಲಾರೂ ಹಳೇ ನಕಲು ಇಟ್ಕೊಂಡಾರ. ಓದೋರು ಯಾರೂ ಇಲ್ಲ."

ಗುರುರಾಜ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯ ಕಂಪ್ಯೂಟರ್ ವಿಭಾಗದಲ್ಲಿ ಆರು ವರ್ಷ ದುಡಿದು, ಅವರು ಬೇಡವೆಂದು ಬಿಟ್ಟ ಒಂದು ಹಳೇ ಕಂಪ್ಯೂಟರನ್ನು ಊರಿಗೆ ತಂದವನು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಎರಡು ವರ್ಷ ಕೂತು ಅವನೇ ಕಲಿಸಿದ್ದ. ಒಂದೊಂದು ಅಕ್ಷರವನ್ನೂ ಚೌಕುಳಿ ಕಾಗದದ ಮೇಲೆ ಚುಕ್ಕಿ ಇಟ್ಟು ಬಿಡಿಸಿ, ಒತ್ತಕ್ಷರ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕಿ, ತೆರೆಯ ಮೇಲೆ ಕನ್ನಡ ಬರೆಯುವ, ತಿದ್ದುವ, ಪದ ಹುಡುಕುವ ಒಂದು ಪ್ರೋಗ್ರಾಮ್ ಮಾಡಿದ್ದ. ಆಮೇಲೆ ಅದಕ್ಕೆ ಇನ್ನೊಂದನ್ನು ಜೋಡಿಸಿದ. ಎರಡು ಬರಹ ಕೊಟ್ಟರೆ ಸಾಲಿಗೆ ಸಾಲು ಹಿಡಿದು, ಎಲ್ಲೆಲ್ಲಿ ಬೇರೆಯಾಗಿದೆಯೋ ಅಷ್ಟನ್ನೇ ತೋರಿಸುವಂಥದ್ದು. ಅದಕ್ಕೆ "ತಾಳೆ" ಎಂದು ಹೆಸರಿಟ್ಟಿದ್ದ. ವಕೀಲರ ಕರಡು ಪ್ರತಿಗಳನ್ನು ನೋಡುವುದಕ್ಕೆ ಬಿಟ್ಟರೆ ಅದರ ಉಪಯೋಗ ಬಿದ್ದಿರಲಿಲ್ಲ.

ಬನ್ನಿಹಾಳದ ಇಪ್ಪತ್ಮೂರು ಮನೆಗಳ ಹಳೇ ನಕಲುಗಳು ಬಂದವು. ಹೊಸವನ್ನು ಕಲಬುರಗಿಯ ವಕೀಲ ಪಾಂಡುರಂಗರಾಯರು ತೆಗೆಸಿದರು. ಗುರುರಾಜನ ಹೆಂಡತಿ ಪ್ರಮಿಲಾ ಹತ್ತೊಂಬತ್ತು ದಿನ ಕೂತು ಎಲ್ಲವನ್ನೂ ಹೊಡೆದಳು. ತಪ್ಪಿದ್ದಲ್ಲಿ ತಪ್ಪನ್ನೇ ಹೊಡೆಯುವುದು ಅವಳ ಪಟ್ಟು. ನಾನೂರ ಹನ್ನೆರಡು ಸಾಲು. ಗುರುರಾಜ ತಾಳೆ ಓಡಿಸಿದ. ಮುನ್ನೂರ ಎಂಬತ್ತು ಸಾಲು ಬೇರೆ ಬೇರೆ ಎಂದು ಬಂತು.

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಒಬ್ಬ ಗುಮಾಸ್ತ ಸೈದಪ್ಪ ಎಂದು ಬರೆದಿದ್ದ, ಇನ್ನೊಬ್ಬ ಸಯ್ದಪ್ಪ ಎಂದು, ಮತ್ತೊಬ್ಬ ಸೈದಾಪ ಎಂದು. ಯಂತ್ರಕ್ಕೆ ಅವರು ಮೂರು ಜನ.

ಪ್ರಮಿಲಾ ಹಿಂದೆ ನಿಂತು ನೋಡಿದಳು. "ಬರೆದಿದ್ದು ಯಾಕ ನೋಡ್ತೀರಿ? ಕರೆದ್ರ ಹೆಂಗ ಕೇಳ್ತದ, ಅದನ್ನ ನೋಡ್ರಿ. ಮೂರೂ ಹೆಸರಿಗಿ ಅಂವ ಒಬ್ಬನೇ ಓ ಅಂತಾನ."

ಗುರುರಾಜ ಹದಿನೈದು ದಿನದಲ್ಲಿ ತಾಳೆಯನ್ನು ಬಿಚ್ಚಿ ಮತ್ತೆ ಕಟ್ಟಿದ. ಹ್ರಸ್ವ ದೀರ್ಘ ಒಂದೇ, ಒತ್ತು ಇದ್ದರೂ ಇಲ್ಲದಿದ್ದರೂ ಒಂದೇ, ಮಹಾಪ್ರಾಣ ಅಲ್ಪಪ್ರಾಣ ಒಂದೇ. ಬರಹವನ್ನು ಮೊದಲು ದನಿಗೆ ಇಳಿಸಿ ಆಮೇಲೆ ಹೋಲಿಸುವುದು. ಈ ಸಲ ಮೂವತ್ತೊಂದು ಸಾಲು ಮಾತ್ರ ಉಳಿದವು. ಮೂವತ್ತೊಂದರಲ್ಲೂ ಹಳೇ ಹೆಸರು ಹೋಗಿ ದೌಲತರಾಯ ಬಂದಿದ್ದ. ಆ ಸಾಲುಗಳಲ್ಲಿ "ಸ್ವಂತ ಸಾಗುವಳಿ" ಎನ್ನುವ ಕಡೆ "ಸ್ವಂತ ಸಾಗವಳಿ" ಎಂದಿತ್ತು. ಅವನು ಆ ತಪ್ಪು ಪದವನ್ನೇ ಇಡೀ ಬರಹದಲ್ಲಿ ಹುಡುಕಿಸಿದ. ಮೂವತ್ತೊಂದು ಕಡೆ ಸಿಕ್ಕಿತು, ಬೇರೆಲ್ಲೂ ಇರಲಿಲ್ಲ.

"ಒಂದೇ ಕೈ," ಎಂದ ಗುರುರಾಜ. "ಯಾವನೋ ಒಬ್ಬ ಒಂದೇ ಸಲ ಕೂತು ಬರದಾನ."

ಅವನು ಆ ಸಾಲುಗಳ ಪಟ್ಟಿಯನ್ನು ವಕೀಲರಿಗಾಗಿ ಅಚ್ಚು ಹಾಕಿಟ್ಟ. ಸುದ್ದಿ ವಾರದೊಳಗೆ ಬನ್ನಿಹಾಳ ಮುಟ್ಟಿತು. ದೌಲತರಾಯ ತಾನೇ ಬಂದ. ಅರವತ್ತರ ಮನುಷ್ಯ, ಬಿಳಿ ಧೋತರ, ಮೆಲುಮಾತು. ಕುರ್ಚಿಯಲ್ಲಿ ಕೂತು ನೀರು ಕುಡಿದ.

"ನಿಮ್ಮ ಮಶೀನು ತಪ್ಪೂ ಮಾಡ್ತದಲ್ರಿ?"

"ಮಾಡ್ತದ. ಮೊದಲ ಸಲ ಮಾಡ್ತು."

"ಎರಡನೇ ಸಲಾನೂ ಮಾಡ್ತು ಅಂತ ಒಂದು ಕಾಗದ ಬರದು ಕೊಡ್ರಿ. ಮುಗೀತು."

"ಹಂಗ ಬರೀಲಿಕ್ಕೆ ಆಗಂಗಿಲ್ರಿ."

ದೌಲತರಾಯ ಎದ್ದು, ಟೈಪು ಮಾಡುತ್ತಿದ್ದ ಪ್ರಮಿಲಾಳನ್ನು ಒಂದು ಗಳಿಗೆ ನೋಡಿದ. "ಬೆರಳು ಭಾಳ ಚಂದ ಓಡ್ತಾವ," ಎಂದು ಹೇಳಿ ಇಳಿದು ಹೋದ.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಲ್ಕಪ್ಪ ಮೂವರ ಜೊತೆ ಬಂದ. ಒಬ್ಬ ಬಾಗಿಲಿಗೆ ನಿಂತು ಹುಡುಗಿಯರನ್ನೆಲ್ಲ ಕೆಳಗೆ ಓಡಿಸಿದ. ಮಲ್ಕಪ್ಪನ ಕೈಯಲ್ಲಿ ಹಾರೆ ಇತ್ತು. ಮೊದಲ ಏಟಿಗೆ ಕಂಪ್ಯೂಟರಿನ ತೆರೆ ಢಂ ಎಂದು ಸಿಡಿದು ಗಾಜು ಗೋಡೆಯವರೆಗೂ ಹಾರಿತು. ಎರಡನೆಯದಕ್ಕೆ ಕೆಳಗಿನ ಡಬ್ಬಿ ಬಾಯಿಬಿಟ್ಟಿತು. ಇನ್ನೊಬ್ಬ ಫ್ಲಾಪಿಗಳನ್ನೆಲ್ಲ ಬುಟ್ಟಿಗೆ ಸುರಿದು ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದ. ಕರಿ ಹೊಗೆ ಕೋಣೆ ತುಂಬಿತು.

ಪ್ರಮಿಲಾ ಸ್ಟೂಲು ಎತ್ತಿ ಮಲ್ಕಪ್ಪನ ಮುಖಕ್ಕೆ ಬೀಸಿದಳು. ಅವನ ಹುಬ್ಬು ಒಡೆಯಿತು. ಅವನು ಅವಳ ಕೂದಲು ಹಿಡಿದು ತಲೆಯನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಅವಳು ಕುಸಿದಳು, ಆದರೆ ಕಣ್ಣು ತೆರೆದೇ ಇದ್ದವು.

ಗುರುರಾಜನನ್ನು ಇಬ್ಬರು ನೆಲಕ್ಕೆ ಒತ್ತಿ ಹಿಡಿದರು. ಮಲ್ಕಪ್ಪ ಒಂದು ಟೈಪ್‌ರೈಟರ್ ಎತ್ತಿಕೊಂಡು ಬಂದ. ಕಬ್ಬಿಣದ ಹಳೇ ಮಶೀನು, ಹದಿನೈದು ಕಿಲೋ ಇರಬೇಕು. ಎದೆಯ ಎತ್ತರದಿಂದ ಅದನ್ನು ಗುರುರಾಜನ ಬಲಗೈ ಮೇಲೆ ಬಿಟ್ಟ. ಎಲುಬು ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು.

"ಪಟ್ಟಿ ಎಲ್ಲಿ ಅದ?"

ಮಲ್ಕಪ್ಪ ಟೈಪ್‌ರೈಟರನ್ನು ಮತ್ತೆ ಎತ್ತಿದ. ಇನ್ನೊಬ್ಬ ಎಡಗೈಯನ್ನು ಎಳೆದು ಚಾಚಿದ.

"ಸೈದಪ್ಪನ ಹತ್ರ," ಎಂದ ಗುರುರಾಜ. "ವಕೀಲರಿಗಿ ಕೊಡಾಕ ಹೊಂಟಾನ. ಚೌಡಾಪುರದಾಗ ಬಸ್ ಕಾಯ್ತಿರ್ತಾನ."

ಅಷ್ಟರಲ್ಲಿ ಕೆಳಗಿನ ರೇಡಿಯೋ ರಿಪೇರಿ ಅಂಗಡಿಯ ಸಿಕಂದರ ಹೊಗೆ ಕಂಡು ಕಬ್ಬಿಣದ ಸಲಾಕೆ ಹಿಡಿದು ಮೇಲೆ ಓಡಿ ಬಂದ. ಬಾಗಿಲಲ್ಲಿದ್ದವನ ಮೊಣಕಾಲಿಗೆ ಬೀಸಿ ಕೆಡವಿದ. ಉಳಿದವರು ಅವನನ್ನು ತುಳಿದು, ಬಿದ್ದವನನ್ನು ಎಳೆದುಕೊಂಡು ಜೀಪು ಹತ್ತಿದರು. ಜೀಪು ಚೌಡಾಪುರದ ಕಡೆಗೆ ಹೋಯಿತು.

"ಠಾಣೆಗಿ ಓಡು ಸಿಕಂದರ. ಅವ್ರು ಸೈದಪ್ಪನ ಕಡೆ ಹೊಂಟಾರ," ಎಂದಳು ಪ್ರಮಿಲಾ, ಬಾಯಲ್ಲಿ ರಕ್ತ ತುಂಬಿಕೊಂಡು. ಅವನು ಎದ್ದು ಓಡಿದ. ಠಾಣೆಯಲ್ಲಿ ಜೀಪು ಇರಲಿಲ್ಲ.

ಸೈದಪ್ಪ ಚೌಡಾಪುರದ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಪಟ್ಟಿಯನ್ನು ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದ. ಅವರು ಅವನನ್ನು ರಸ್ತೆಗೆ ಎಳೆದರು. ಅವನು ಹೊಟ್ಟೆ ಹಿಡಿದು ಬೋರಲಾಗಿ ಬಿದ್ದುಕೊಂಡ. ಕಾಗದ ತೆಗೆಯಬೇಕಾದರೆ ಅವನನ್ನು ಹೊರಳಿಸಬೇಕಿತ್ತು, ಅವನು ಹೊರಳಲಿಲ್ಲ. ಹಾರೆಯಿಂದ ಬೆನ್ನಿಗೆ, ಆಮೇಲೆ ತಲೆಗೆ ಹೊಡೆದರು. ಮೂವತ್ತು ಜನ ನಿಂತು ನೋಡುತ್ತಿದ್ದರು. ಕಲಬುರಗಿಯ ಬಸ್ಸು ಬಂದು ನಿಂತಾಗ ಅವರು ರಕ್ತಕ್ಕೆ ತೊಯ್ದ ಕಾಗದವನ್ನು ಅಲ್ಲೇ ಸುಟ್ಟು ಹೋಗಿದ್ದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಗುರುರಾಜನ ಎರಡು ಬೆರಳು ತೆಗೆದರು, ಉಳಿದವು ಮಡಚದಾದವು. ಸೈದಪ್ಪ ಸತ್ತ ಸುದ್ದಿ ತಿಳಿದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಅವನು ಏನು ಹೇಳಿಬಿಟ್ಟನೆಂಬುದು ಪ್ರಮಿಲಾಳಿಗೆ ಗೊತ್ತಿತ್ತು. ಒಂದು ತಿಂಗಳು ಹಾಗೆಯೇ ಕಳೆಯಿತು.

ಆಮೇಲೆ ಅವನು ಒಬ್ಬನೇ ಬನ್ನಿಹಾಳಕ್ಕೆ ಹೋದ. ಸೈದಪ್ಪನ ಹೆಂಡತಿ ಗೌರಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನಿಮ್ಮ ಗಂಡ ಎಲ್ಲಿ ಅದಾನಂತ ನಾನೇ ಹೇಳ್ದೆ," ಎಂದ. "ಇನ್ನೊಂದು ಕೈ ಮುರೀತಾರಂತ ಹೆದರಿ ಹೇಳ್ದೆ."

ಗೌರಾಬಾಯಿ ಎದ್ದಳು. ಕೈಯಲ್ಲಿದ್ದ ಮೊರವನ್ನೇ ಅವನ ಮುಖಕ್ಕೆ ಬೀಸಿದಳು. ಮೊರ ಹರಿದ ಮೇಲೆ ಚಪ್ಪಲಿ ತೆಗೆದುಕೊಂಡಳು. ತಲೆಗೆ, ಹೆಗಲಿಗೆ, ಬ್ಯಾಂಡೇಜಿದ್ದ ಕೈಗೆ ಹೊಡೆದಳು. ಅವನು ಅಡ್ಡ ಕೈ ತರಲಿಲ್ಲ. ಮೂಗಿನಿಂದ ರಕ್ತ ಸುರಿದು ಜೋಳದ ಮೇಲೆ ಬಿತ್ತು. ಓಣಿಯವರು ಕೂಡಿದರೂ ಯಾರೂ ಬಿಡಿಸಲಿಲ್ಲ. ಕೈ ಸೋತಾಗ ಅವಳು ನೆಲಕ್ಕೆ ಕುಸಿದು ಏದುಸಿರು ಬಿಟ್ಟಳು.

"ಆ ಪಟ್ಟಿ ಮತ್ತ ತೆಗೀತೀಯೋ ಇಲ್ಲೋ?" ಎಂದು ಕೇಳಿದಳು.

"ಎಲ್ಲಾ ಸುಟ್ಟಾರ. ಮೊದಲಿಂದ ಮಾಡ್ಬೇಕು."

"ಮಾಡು ಹಂಗಾರ."

ಜೇವರ್ಗಿಯಲ್ಲಿ ಪ್ರಮಿಲಾಳ ಅಣ್ಣ ಹರಿಯ ಮುದ್ರಣಾಲಯಕ್ಕೆ ಆ ವರ್ಷವೇ ಒಂದು ಕಂಪ್ಯೂಟರ್ ಬಂದಿತ್ತು. ಗಂಡ ಹೆಂಡತಿ ಅಲ್ಲಿಗೆ ಹೋದರು. ಗುರುರಾಜ ಕಣ್ಣು ಮುಚ್ಚಿ ಪ್ರೋಗ್ರಾಮನ್ನು ಸಾಲು ಸಾಲಾಗಿ ಹೇಳುವುದು, ಪ್ರಮಿಲಾ ಹೊಡೆಯುವುದು. ಎರಡು ವರ್ಷದ ಕೆಲಸವನ್ನು ಅವನು ನೆನಪಿನಿಂದ ಎಳೆದ. ಮರೆತ ಕಡೆ ಹೊಸದಾಗಿ ಯೋಚಿಸಿದ. ಕೆಲವು ಕಡೆ ಪ್ರಮಿಲಾ ಅವನನ್ನು ತಿದ್ದಿದಳು. ಅಕ್ಷರವನ್ನು ದನಿಗೆ ಇಳಿಸುವ ಭಾಗವನ್ನು ಕೊನೆಗೆ ಅವಳೇ ಬರೆದಳು, ಅದು ಮೊದಲಿನದಕ್ಕಿಂತ ಚುರುಕಾಗಿತ್ತು. ಮೊದಲ ಸಲ ಹೊಡೆದಾದ ಮೇಲೆ ಹಳೇ ನಕಲುಗಳನ್ನು ಆಯಾ ಮನೆಗಳಿಗೆ, ಹೊಸವನ್ನು ವಕೀಲರಿಗೆ ಹಿಂತಿರುಗಿಸಿದ್ದರು. ಬನ್ನಿಹಾಳದವರು ಎರಡನ್ನೂ ರೊಟ್ಟಿ ಬುತ್ತಿಯಲ್ಲಿ ಸುತ್ತಿ ತಂದು ಕೊಟ್ಟರು. ಐವತ್ತು ದಿನದ ಮೇಲೆ ಅವೇ ಮೂವತ್ತೊಂದು ಸಾಲು ಮತ್ತೆ ತೆರೆಯ ಮೇಲೆ ಬಂದವು.

ಈ ಸಲ ಹತ್ತು ಪ್ರತಿ ತೆಗೆದು ಹತ್ತು ಮನೆಗಳಿಗೆ ಹಂಚಿದರು.

ಭೂ ನ್ಯಾಯಮಂಡಳಿಯ ವಿಚಾರಣೆಯ ದಿನ ಅಫಜಲಪುರದ ಕಚೇರಿಯ ಮುಂದೆ ದೌಲತರಾಯನ ಕಡೆಯವರು ಕಲ್ಲು ತೂರಿದರು. ಒಂದು ಕಲ್ಲು ಪ್ರಮಿಲಾಳ ದವಡೆಗೆ ಬಿದ್ದು ಹಲ್ಲು ಹೋಯಿತು. ಬನ್ನಿಹಾಳದ ಹೆಂಗಸರು ಅವಳನ್ನು ನಡುವೆ ಹಾಕಿಕೊಂಡು ಅದೇ ಕಲ್ಲುಗಳನ್ನು ತಿರುಗಿ ಎಸೆದರು. ಒಳಗೆ ದೌಲತರಾಯನ ವಕೀಲ, "ಯಂತ್ರ ಹೇಳಿದ್ದು ಸಾಕ್ಷಿ ಆಗುವುದಿಲ್ಲ, ಹಳೇ ನಕಲುಗಳೇ ಖೋಟಾ," ಎಂದು ವಾದಿಸಿದ.

ಪಾಂಡುರಂಗರಾಯರು ಒಪ್ಪಿದರು. "ಯಂತ್ರದ ಮಾತು ಬೇಡ್ರಿ. ಅದು ಯಾವ ಪುಟ ನೋಡ್ಬೇಕು ಅಂತ ಹೇಳ್ಯದ, ಅಷ್ಟ. ಮೂಲ ಪುಸ್ತಕ ತರಿಸ್ರಿ, ಆ ಮೂವತ್ತೊಂದು ಸಾಲು ಮಾತ್ರ ನೋಡ್ರಿ."

ಮೂಲ ಪಹಣಿ ಬಂತು. ಮಂಡಳಿಯ ಸದಸ್ಯರು ಒಂದೊಂದೇ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಪಟ್ಟಿಯಲ್ಲಿದ್ದ ಪ್ರತಿ ಸಾಲಿನಲ್ಲೂ ಕಾಗದ ಬ್ಲೇಡಿನಿಂದ ಹೆರೆದು ತೆಳ್ಳಗಾಗಿತ್ತು, ಬೆಳಕು ತೂರಿ ಬರುತ್ತಿತ್ತು. ಬೇರೆ ಸಾಲುಗಳಲ್ಲಿ ಬರಲಿಲ್ಲ. ಆರು ತಿಂಗಳಲ್ಲಿ ಹೊಲಗಳೆಲ್ಲ ಇಪ್ಪತ್ಮೂರು ಮನೆಗಳ ಹೆಸರಿಗೆ ಆದವು.

ಕೊಲೆಯ ಕೇಸು ಕಲಬುರಗಿಯಲ್ಲಿ ನಡೆಯಿತು. ಗುರುರಾಜ ಕಟಕಟೆಯಲ್ಲಿ ನಿಂತು ಟೈಪ್‌ರೈಟರಿನ ಕಥೆ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಸೈದಪ್ಪ ಎಲ್ಲಿ ಸಿಗ್ತಾನಂತ ನಾನೇ ಹೇಳ್ದೆ," ಎಂದು ಅದನ್ನೂ ಹೇಳಿ ಬರೆಸಿದ. ಮಲ್ಕಪ್ಪನಿಗೂ ಮೂವರಿಗೂ ಜೀವಾವಧಿ ಆಯಿತು. ಆ ನಾಲ್ವರಲ್ಲಿ ಯಾರೂ ದೌಲತರಾಯನ ಹೆಸರು ಹೇಳಲಿಲ್ಲ. ಅವನು ಮನೆಗೆ ಹೋದ. ಗೌರಾಬಾಯಿ ಹೊಲ ಬಿತ್ತಿದಳು. ದಾರಿಯಲ್ಲಿ ಸಿಕ್ಕರೂ ಗುರುರಾಜನನ್ನು ಮಾತಾಡಿಸಲಿಲ್ಲ. ಅವನೂ ಅದನ್ನು ಬಯಸಲಿಲ್ಲ.

ಮರುವರ್ಷ ಅವರು ಆಳಂದದಲ್ಲಿ ಹೊಸದಾಗಿ ಸಂಸ್ಥೆ ತೆರೆದರು. ಒಂದು ಮಧ್ಯಾಹ್ನ ಹಿರೋಳ್ಳಿಯಿಂದ ಮೂವರು ಬಂದರು. ಅವರ ಊರಿನ ಪಹಣಿಯಲ್ಲೂ ಹೆಸರು ಬದಲಾಗಿವೆಯಂತೆ, ತಾಳೆ ನೋಡಿಕೊಡಬೇಕಂತೆ.

"ಕೂಡ್ರಿ," ಎಂದ ಗುರುರಾಜ. "ಮೊದಲ ಒಂದು ಮಾತು ಕೇಳ್ರಿ."

ಅವನು ಸೈದಪ್ಪನ ಕಥೆಯನ್ನು ಏನೂ ಬಿಡದೆ ಹೇಳಿದ. ಮುರಿದ ಕೈಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದ. ತಾನು ಬಾಯಿ ಬಿಟ್ಟಿದ್ದನ್ನೂ ಹೇಳಿದ. "ನಾಳಿ ನನ್ನ ಕೊರಳಿಗಿ ಕತ್ತಿ ಇಟ್ರ ಮತ್ತ ಹೇಳಿಬಿಡಬಹುದು ನಾನು. ತಿಳಕೊಂಡು ಕೊಡ್ರಿ ಕಾಗದ."

ಮೂವರೂ ಎದ್ದು ಹೊರಗೆ ಹೋದರು. ರಸ್ತೆಯಾಚೆ ನಿಂತು ಬಹಳ ಹೊತ್ತು ಮಾತಾಡಿದರು. ಬಸ್ಸು ಬಂದಾಗ ಇಬ್ಬರು ಹತ್ತಿದರು. ಮೂರನೆಯವಳು, ಶಿವಕಾಂತಾ ಎನ್ನುವ ನಡುವಯಸ್ಸಿನ ಹೆಂಗಸು, ರಸ್ತೆ ದಾಟಿ ತಿರುಗಿ ಬಂದಳು. ಚೀಲದಿಂದ ಕಾಗದದ ಕಟ್ಟು ತೆಗೆದು, ಗುರುರಾಜನ ಕೈಗಲ್ಲ, ಪ್ರಮಿಲಾಳ ಕೈಗೆ ಕೊಟ್ಟಳು.

ಪ್ರಮಿಲಾ ದಾರ ಬಿಚ್ಚಿ ಮೊದಲ ಹಾಳೆಯನ್ನು ಮಶೀನಿನ ಪಕ್ಕಕ್ಕೆ ಒರಗಿಸಿದಳು. "ನೀವು ಕಾಗದ ಕೊಟ್ಟಿದ್ದು ಊರಿಗಿ ಗೊತ್ತಾಗ್ತದ, ಹಿರೋಳ್ಳಿಗಿ ಇವತ್ತ ಹೋಗಬ್ಯಾಡ್ರಿ," ಎಂದಳು. "ನಮ್ಮ ಮನ್ಯಾಗೇ ಇರ್ರಿ."