ತಿದಿ ಕಳೆದುಕೊಂಡ ಕಾಲುಪೆಟ್ಟಿಗೆ

ನಾನು ಒಂದು ಕಾಲುಪೆಟ್ಟಿಗೆ. ಕಾಲಿನಿಂದ ತಿದಿ ಒತ್ತಿ ಗಾಳಿ ತುಂಬಿ, ಕೈಯಿಂದ ನುಡಿಸುವ ಹಾರ್ಮೋನಿಯಂ. ಮಿರಜದ ಬಡಗಿಯೊಬ್ಬ ಸಾಗುವಾನಿಯಲ್ಲಿ ನನ್ನ ಮೈ ಕಟ್ಟಿದ. ನಾಟಕ ಕಂಪನಿಯ ಮಾಲೀಕರಾದ ಗುರುಶಾಂತಪ್ಪನವರು ನನ್ನನ್ನು ಗದಗಿಗೆ ತಂದು ರಂಗದ ಕೆಳಗೆ ಕೂರಿಸಿದರು. ಒಂದು ಕಡೆ ನಟರ ಪಾದ, ಇನ್ನೊಂದು ಕಡೆ ನೆಲದ ಟಿಕೀಟಿನ ಮಂದಿ. ಅದೇ ನನ್ನ ಲೋಕ.

ಆ ಮಂದಿಯಲ್ಲಿ ಬದನೆಕಾಯಿ ಮಾರುವ ಫಕೀರವ್ವ ಒಬ್ಬಳು. ಮೊದಲ ದಿನ ಹಾಡು ನಡೆದಾಗ ಚುರುಮುರಿ ಜಗಿಯುತ್ತ ಹರಟುತ್ತಿದ್ದಳು. ಹಿಂದಿನಿಂದ ಯಾರೋ "ಒನ್ಸ್ ಮೋರ್!" ಎಂದು ಒದರಿದರು. ಅದೇ ಹಾಡು ಮತ್ತೆ ಶುರುವಾಯಿತು. ಆಗ ಅವಳ ಬಾಯಿ ನಿಂತಿತು. ತಿಂಗಳಾಗುವಷ್ಟರಲ್ಲಿ ಒದರುವವಳು ಅವಳೇ ಆಗಿದ್ದಳು. ನನ್ನನ್ನು ನುಡಿಸುವ ಚೆನ್ನಮಲ್ಲಪ್ಪ ಮಾಸ್ತರರು ಕೊಂಚ ಉದಾಸೀನ ಮಾಡಿದರೂ ಅವಳು ಬಿಡುತ್ತಿರಲಿಲ್ಲ.

"ಮಾಸ್ತರ, ನಿನ್ನಿ ಹಿಂಗಿದ್ದಿಲ್ಲ! ಒನ್ಸ್ ಮೋರ್!"

ಮಾಸ್ತರರ ಕಿವಿ ಕೆಂಪಾಗುತ್ತಿತ್ತು. ಎರಡನೆಯ ಸಲ ಜೀವ ಒತ್ತೆಯಿಟ್ಟು ನುಡಿಸುತ್ತಿದ್ದರು. ಹಾಡು ಹಳೆಯದೇ; ಅದೇ ಮತ್ತೆ ಮತ್ತೆ ಬಂದು ಕೇಳುವವರೂ ನುಡಿಸುವವರೂ ಹದವಾದರು.

ಗುರುಶಾಂತಪ್ಪನವರು ತೀರಿಕೊಂಡರು. ಮಗ ಪ್ರಭುಲಿಂಗ ಕುರ್ಚಿಗೆ ಬಂದ. ಅವನಿಗಿದ್ದದ್ದು ಹೊಸದರ ಹುಚ್ಚು.

"ಕೇಳಿದ್ದನ್ನ ಯಾರ್ ಕೇಳ್ತಾರ್ರಿ ಮಾಸ್ತರ? ದಿನಾ ಹೊಸಾದು ಬೇಕು!"

'ಒನ್ಸ್ ಮೋರ್ ಇಲ್ಲ' ಎಂದು ಬೋರ್ಡು ತೂಗುಹಾಕಿದ. ಕರೆಂಟಿನ ಕೀಬೋರ್ಡು ತಂದ, ಹೊಗೆ ಬಿಡುವ ಯಂತ್ರ ತಂದ. ಇಂದಿನ ಹೊಸದು ನಾಳೆಗೆ ಹಳಸುತ್ತಿತ್ತು. ಅದನ್ನು ಮುಚ್ಚಲು ಇನ್ನೊಂದು. ಹೊಸದಕ್ಕೆಂದು ಬಂದವರು ಅದಕ್ಕಿಂತ ಹೊಸದು ಸಿಕ್ಕ ಕಡೆ ಹೋದರು. ಕಂಪನಿಯ ಟೆಂಟು ಮಡಚಬೇಕಾಯಿತು.

"ತಿದಿ ಒಣಗಾಕ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ ಮಾಸ್ತರರು ಹೊರಟುಹೋದರು.

ಈಗ ಪ್ರಭುಲಿಂಗ ಹೆದ್ದಾರಿ ಪಕ್ಕದಲ್ಲಿ ಹೋಟೆಲು ನಡೆಸುತ್ತಾನೆ. ನಾನು ಬಾಗಿಲ ಬಳಿ ನಿಂತಿದ್ದೇನೆ. ಒಣಗುವ ಮಾತೇ ಬೇಡವೆಂದು ನನ್ನ ಹೊಟ್ಟೆ ಕೊಯ್ದು, ತಿದಿ ಕಿತ್ತು, ಬಣ್ಣದ ದೀಪ ಇಟ್ಟಿದ್ದಾನೆ. ಜನ ನನ್ನ ಮೇಲೆ ಬೆರಳಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

ಮೊನ್ನೆ ಮೊಮ್ಮಕ್ಕಳ ಜೊತೆ ಫಕೀರವ್ವ ಬಂದಳು.

"ಅಯ್ಯ ಶಿವನ, ನಮ್ಮ ಮಾಸ್ತರ ಪೆಟಗಿ!"

ನನ್ನ ಸ್ವರದ ಮನೆಯೊಂದನ್ನು ಬೆರಳಿನಿಂದ ಒತ್ತಿದಳು. ಒತ್ತಿದಳು, ಮತ್ತೆ ಒತ್ತಿದಳು. ಕೂಗಬೇಕೆಂದು ನಾನು ಒದ್ದಾಡಿದೆ. ಉಸಿರೆಲ್ಲಿಂದ ತರಲಿ?

"ಪ್ರಭೂ, ಇದರ ತಿದಿ ಏನ್ ಮಾಡಿದ್ಯೋ?"

"ಅದ್ಯಾಕ ಯವ್ವಾ? ಲೈಟ್ ಐತಲ್ಲ, ಛಂದ ಕಾಣತೈತಿ."

ಅವಳು ನನ್ನ ಮೈಮೇಲೆ ಅಂಗೈ ಬಡಿದು, ಹಿಂದಿನ ಅದೇ ಗಂಟಲಲ್ಲಿ ಒದರಿದಳು: "ಒನ್ಸ್ ಮೋರ್!"

ಹೋಟೆಲೇ ತಿರುಗಿ ನೋಡಿತು. ಪ್ರಭುಲಿಂಗ ಮೊಬೈಲು ಹಿಡಿದು ಓಡಿಬಂದ.

"ಭಾರಿ ಒದರಿದಿ ಯವ್ವಾ! ರೆಕಾರ್ಡ್ ಆಗ್ಲಿಲ್ಲ, ಇನ್ನೊಮ್ಮೆ ಒದರು!"

"ಇಲ್ಲ. ನೀನ ಬೋರ್ಡ್ ಹಾಕಿದ್ದಿ ಅಲ್ಲೇನೋ."

ಅವಳು ಹೊರಟುಹೋದಳು. ಯಾವ ಬೋರ್ಡು ಎಂಬುದು ಅವನಿಗೆ ನೆನಪಾಗಲಿಲ್ಲ.

ಬರುವ ತಿಂಗಳು ನನ್ನ ಜಾಗಕ್ಕೆ ಹಳೆಯ ಸ್ಕೂಟರೊಂದು ಬರುತ್ತದಂತೆ. ನಾನು ಜನರಿಗೆ ಸಾಕಾಗಿದ್ದೇನಂತೆ. ಸಾಕಾಗಲು ಅವರು ನನ್ನ ದನಿ ಕೇಳಿದ್ದಾದರೂ ಯಾವಾಗ?