ಗೆದ್ದವನ ಅಕ್ಕ

ಅವಳ ತಮ್ಮ ಅಪ್ಪನ ಕರಿ ಕೋಟಿಗೆ ಕೈ ತೂರಿಸುತ್ತಿದ್ದ. ತೋಳು ಉದ್ದವಾಗಿ ಬೆರಳುಗಳನ್ನೇ ನುಂಗಿತ್ತು.

"ಹೇಗಿದೀನಿ ಅಕ್ಕಾ?"

ಅವಳು ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದಳು. ಊರಿಗೆ ಊರೇ ಬಂದು ನಿಂತಿತ್ತು. ಮೀನು ಮಾರುವವರಿಂದ ಹಿಡಿದು ಚಿನ್ನದಂಗಡಿಯವರ ತನಕ ಎಲ್ಲರೂ ಬಾಗಿಲು ಹಾಕಿ ಬಂದಿದ್ದರು. ಅಪ್ಪನನ್ನು ಒಳಗೆ ಹಾಕಲು ಆಯುಸ್ಸೆಲ್ಲ ಸವೆಸಿದ ಪೊಲೀಸ್ ಅಧಿಕಾರಿಯೂ ಟೋಪಿ ತೆಗೆದಿದ್ದ. ಅಷ್ಟು ಜನರಲ್ಲಿ ಒಂದು ಕೆಮ್ಮೂ ಇಲ್ಲ. ಊರೆಲ್ಲ 'ದೊಡ್ಡೋರು' ಎನ್ನುತ್ತಿದ್ದ ಮನುಷ್ಯ ಸತ್ತ ಮೇಲೂ ಎಲ್ಲರ ಬಾಯಿ ಕಟ್ಟಿದ್ದನ್ನು ಕಂಡು ಅವಳ ಮೈ ಜುಮ್ಮೆಂದಿತು. ಹೆಮ್ಮೆಯೂ ಆಯಿತು, ಹಾಳಾದ್ದು.

ಅಪ್ಪನ ಹಳೇ ಡ್ರೈವರ್ ಬಾಗಿಲಲ್ಲಿ ನಿಂತ. ಎಪ್ಪತ್ತು ದಾಟಿದ ಮುದುಕ.

"ಚಿಕ್ಕೋರೇ, ದೊಡ್ಡೋರನ್ನ ಎತ್ತೋ ಮುಂಚೆ ಹುಡುಗ್ರು ನಿಮ್ಮ ಬಾಯಿಂದ ಒಂದು ಮಾತು ಕೇಳ್ಬೇಕಂತೆ. ಹೂಂ ಅಂದ್ರೆ ಇವತ್ತಿಂದ ಎಲ್ಲ ನಿಮ್ದೇ." ದನಿ ತಗ್ಗಿಸಿದ. "ಬಂದರಿನ ಕಡೆಯವರೂ ಬಂದಿದಾರೆ. ನಿಮ್ಮನ್ನೇ ನೋಡ್ತಿದಾರೆ."

"ಬರ್ತೀನಿ ಅನ್ನಿ," ಎಂದ ತಮ್ಮ. "ಸೋತು ಅಭ್ಯಾಸ ಇಲ್ಲ ನಂಗೆ."

ಅಕ್ಕ ಕಿಟಕಿ ಬಿಟ್ಟು ತಿರುಗಿದಳು. ಅಪ್ಪನೊಬ್ಬನಿಗೇ ಹೆದರುತ್ತಿದ್ದ ಬಂದರಿನವರು ಇವನನ್ನು ಒಂದು ವಾರವೂ ಉಳಿಸುವುದಿಲ್ಲ.

*

ಚಿಕ್ಕಂದಿನಲ್ಲಿ, ಶಾಲೆಯ ಓಟದ ಪಂದ್ಯ. ಹಿಂದಿನ ಸಂಜೆ ಅಪ್ಪ ತಮ್ಮನ ತರಗತಿಯ ಹುಡುಗರ ಮನೆಮನೆಗೂ ಸಿಹಿ ಹಿಡಿದುಕೊಂಡು ಹೋಗಿದ್ದ. ಹೇಳಿದ್ದು ಒಂದೇ ಮಾತು: "ನಮ್ಮ ಹುಡುಗ ಚೆನ್ನಾಗಿ ಓಡ್ತಾನೆ." ಹೆತ್ತವರಿಗೆ ಅಷ್ಟು ಸಾಕಾಯಿತು. ಮರುದಿನ ಹುಡುಗರು ಮೊಣಕಾಲುದ್ದ ಕೆಸರಲ್ಲಿ ಓಡಿದಂತೆ ಓಡಿದರು. ಒಬ್ಬನಂತೂ ನಡುದಾರಿಯಲ್ಲಿ ಕೂತು ಲೇಸು ಕಟ್ಟಿಕೊಂಡ.

ಆಮೇಲೆ ಹುಡುಗಿಯರ ಓಟ. ಅವಳು ಬಿದ್ದು, ಎದ್ದು, ಮೊಣಕಾಲಲ್ಲಿ ರಕ್ತ ಸುರಿಸಿಕೊಂಡು ಎರಡನೆಯವಳಾಗಿ ಬಂದಳು. ತಿರುಗಿ ನೋಡಿದರೆ ಅಪ್ಪನ ಕುರ್ಚಿ ಖಾಲಿ. ಗೆದ್ದವನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ಆಗಲೇ ಹೋಗಿಯಾಗಿತ್ತು.

*

"ಶಾಲೆ ಓಟ ನೆನಪಿದ್ಯೇನೋ?" ಎಂದಳು.

"ಮರೆಯೋಕಾಗುತ್ತಾ? ತಿರುಗಿ ನೋಡಿದ್ರೆ ಒಬ್ಬನೂ ಹತ್ರ ಇರ್ಲಿಲ್ಲ!"

"ಅಪ್ಪ ಹಿಂದಿನ ದಿನ ಅವರೆಲ್ಲರ ಮನೆಗೂ ಹೋಗಿದ್ರು ಕಣೋ."

ಅವನು ನಕ್ಕ. ಅವಳು ನಗಲಿಲ್ಲ.

"ನನ್ನ ಕಾಲೇಜಿನ ಸೀಟು?"

ಅದೂ ಅಷ್ಟೇ ಎಂಬಂತೆ ಅವಳು ತಲೆಯಾಡಿಸಿದಳು.

"ಹೋಗ್ಲಿ, ಚೆಸ್? ಇವರ ಜೊತೆ ದಿನಾ ಗೆಲ್ತೀನಲ್ಲ?"

ಇನ್ನೂ ಬಾಗಿಲಲ್ಲೇ ನಿಂತಿದ್ದ ಡ್ರೈವರ್ ನೆಲ ನೋಡಿದ.

ತಮ್ಮ ಮಂಚದ ಮೇಲೆ ಕುಸಿದ. ಕೋಟಿನ ತೋಳನ್ನು ಮೇಲಕ್ಕೆ ಮಡಚುತ್ತ ಕೇಳಿದ, "ಅಪ್ಪ ನಿಂಗ್ಯಾಕೆ ಹಾಗೆ ಮಾಡ್ಲಿಲ್ಲ?"

"ನಾನು ಓಡ್ತೀನಿ ಅನ್ನೋದೇ ಅವರಿಗೆ ಗೊತ್ತಿರ್ಲಿಲ್ಲ."

ಹೇಳಿದ ಮೇಲೆ ಅವಳಿಗೆ ಅಳು ಉಕ್ಕಿ ಬಂತು. ಬೆಳಗಿನಿಂದ ಬಾರದ ಅಳು.

ತಮ್ಮ ಎದ್ದು ಮೇಜಿನ ಮೇಲೆ ಮೊಣಕೈ ಊರಿ ಡ್ರೈವರನ್ನು ಕರೆದ. "ಬನ್ನಿ, ಕೈ ಕೊಡಿ. ಯಾರು ಬಗ್ಗಿಸ್ತಾರೋ ನೋಡೋಣ."

"ಬೇಡಿ ಚಿಕ್ಕೋರೇ. ಕೆಳಗೆ ದೊಡ್ಡೋರು ಮಲಗಿದಾರೆ..."

"ಅದಕ್ಕೇ. ಈ ಸಲ ಬಿಟ್ಕೊಡ್ಬಾರ್ದು."

ಮುದುಕ ಅಂಜುತ್ತಲೇ ಕೈ ಕೊಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮನ ಕೈ ಮೇಜಿಗೆ ಬಡಿಯಿತು. ಮಾಡಿದ್ದಕ್ಕೆ ತಾನೇ ಬೆಚ್ಚಿ ಮುದುಕ ಬಿಡಲು ಹೋದ.

"ಬಿಡ್ಬೇಡಿ," ಎಂದ ತಮ್ಮ. "ಅಕ್ಕಾ, ನನ್ನ ಕೈಲಿ ಆಗಲ್ಲ ಅಂತ ಕೆಳಗೆ ಹೇಳಿಬಿಡು."

ಅವಳು ಬಾಗಿಲಲ್ಲಿ ತಿರುಗಿ ನೋಡಿದಳು. ಮುದುಕನ ಅಂಗೈಯಡಿ ಸಿಕ್ಕ ತನ್ನ ಕೆಂಪಾದ ಬೆರಳುಗಳನ್ನು ಅವನು ಕಣ್ಣರಳಿಸಿ, ಒಂದೊಂದಾಗಿ ನೋಡುತ್ತಿದ್ದ.